ಅಷ್ಟಮಿಯ ದಿನ ಸೌತೆಂಡ್‌ಗೆ ಹೋಗಬೇಡಿ

"ಸಮುದ್ರ ಎಲ್ಲಮ್ಮಾ?" ಎಂದಳು ಮಗಳು. ಕೈಯಲ್ಲಿ ಬಕೆಟ್ಟು, ಸಲಿಕೆ. ನಾವು ನಿಂತಿದ್ದು ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಇರುವ ಸೌತೆಂಡ್‌ನ ಮರಳಿನ ಮೇಲೆಯೇ. ಎದುರಿಗೆ ಮಾತ್ರ ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕೆಸರು. ಅದರಲ್ಲಿ ಅಲ್ಲಲ್ಲಿ ವಾಲಿಕೊಂಡ ದೋಣಿಗಳು. ಮಧ್ಯಾಹ್ನ ಒಂದು ಗಂಟೆಯ ಹೊತ್ತು. ನಾಲ್ಕು ಜನರ ರೈಲು ಟಿಕೆಟ್ ಕೊಟ್ಟು ಕೆಸರು ನೋಡಲು ಬಂದ ಹಾಗಾಯಿತು.

ಊರಿಂದ ಬಂದಿದ್ದ ನಮ್ಮತ್ತೆ ಮಾತ್ರ ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. ಹೊನ್ನಾವರದವರು ಅವರು, ಶರಾವತಿ ಸಮುದ್ರ ಸೇರುವ ಕಡೆಯವರು. ಕೆಸರನ್ನು ಒಮ್ಮೆ ನೋಡಿ, "ಇವತ್ತು ಅಷ್ಟಮಿ ಅಲ್ದಾ ತಂಗಿ?" ಎಂದರು. ಫೋನಲ್ಲಿ ಪಂಚಾಂಗ ತೆಗೆದು ನೋಡಿದೆ. ಅಷ್ಟಮಿಯೇ!

ಇದು ಹೋದ ವರ್ಷದ ಕತೆ. ಆಮೇಲೆ ಮೂರು ಸಲ ಹೋಗಿ ಬಂದಿದ್ದೇವೆ, ಮೂರು ಸಲವೂ ನೀರು ಸಿಕ್ಕಿದೆ. ಜುಲೈ ಕೊನೆಗೆ ಶಾಲೆಗಳು ಮುಚ್ಚುತ್ತವೆ. ಪ್ರತಿ ಬೇಸಿಗೆಯಂತೆ ಈ ಸಲವೂ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಾರ್ನ್‌ವಾಲ್‌ಗೆ ಕೋಚ್ ಬಾಡಿಗೆ ಎಷ್ಟಾಗುತ್ತದೆ ಎಂಬ ಲೆಕ್ಕ ಶುರುವಾಗಿದೆ. ಲೆಕ್ಕ ಮುಗಿಯುವಷ್ಟರಲ್ಲಿ ರಜೆ ಮುಗಿದಿರುತ್ತದೆ, ಅದೂ ಪ್ರತಿ ಬೇಸಿಗೆಯ ಕತೆಯೇ. ಅದಕ್ಕೇ ಈ ಸಂಚಿಕೆಯಲ್ಲಿ ಸಂಘದ ವರದಿಯನ್ನು ಎರಡನೇ ಪುಟಕ್ಕೆ ತಳ್ಳಿ, ನಮ್ಮ ಪೂರ್ವ ಲಂಡನ್ನಿನ ಮನೆಗಳಿಂದ ಒಂದು ಗಂಟೆಯೊಳಗೆ ಮುಟ್ಟಬಹುದಾದ ಸಮುದ್ರದ ವಿಷಯ ಬರೆಯುತ್ತಿದ್ದೇನೆ.

ಮೊದಲು ನೀರಿನ ಲೆಕ್ಕ. ಅತ್ತೆ ಹೇಳಿಕೊಟ್ಟಿದ್ದು ಇಷ್ಟು: ಭರತ, ಅಂದರೆ ಸಮುದ್ರದ ನೀರು ಏರಿ ತುಂಬುವುದು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಚಂದ್ರ ತಡವಾಗಿ ಹುಟ್ಟುವ ಹಾಗೆ. ಯಾವ ಗಂಟೆಗೆ ಎನ್ನುವುದು ಊರಿಂದ ಊರಿಗೆ ಬೇರೆ. ಆದರೆ ಒಂದು ಊರಲ್ಲಿ ಒಂದು ತಿಥಿಗೆ ಹೆಚ್ಚುಕಡಿಮೆ ಅದೇ ಹೊತ್ತು. ಸೌತೆಂಡ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ನಂತರದ ಒಂದೆರಡು ದಿನ, ಬೇಸಿಗೆಯ ಗಡಿಯಾರದಲ್ಲಿ ಮಧ್ಯಾಹ್ನ ಒಂದರಿಂದ ಮೂರರೊಳಗೆ ನೀರು ತುಂಬುತ್ತದೆ. ಬುತ್ತಿ ಬಿಚ್ಚಿ ಉಂಡು ನೀರಿಗಿಳಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕಾ? ಅಷ್ಟಮಿಗೆ ಎಲ್ಲ ತಿರುಗುಮುರುಗು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬರುತ್ತದೆ, ನಡು ಮಧ್ಯಾಹ್ನ ಇಳಿತ. 2026ರ ನೂಲು ಹುಣ್ಣಿಮೆ ಆಗಸ್ಟ್ 28, ಶುಕ್ರವಾರ. ಮರುದಿನ ಶನಿವಾರ, ಸೋಮವಾರ ಬ್ಯಾಂಕ್ ಹಾಲಿಡೇ. ಅಡುಗೆಮನೆಯ ಕ್ಯಾಲೆಂಡರಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ದಿನ ಆರಿಸಲು ಪಂಚಾಂಗ ಸಾಕು, ಗಂಟೆಗೆ ಮಾತ್ರ ಹಿಂದಿನ ರಾತ್ರಿ ಟೈಡ್ ಟೇಬಲ್ ನೋಡಿಕೊಳ್ಳಿ.

ಈ ಕೆಸರಿಗೂ ಒಂದು ಚರಿತ್ರೆ ಇದೆ. ಇಳಿತಕ್ಕೆ ಇಲ್ಲಿ ನೀರು ಒಂದು ಮೈಲಿಯಷ್ಟು ಹಿಂದೆ ಸರಿಯುವುದುಂಟು. ಹೀಗಾಗಿ ಹಿಂದೆ ಲಂಡನ್ನಿಂದ ಬರುವ ಹಡಗುಗಳಿಗೆ ದಡಕ್ಕೆ ಬರಲು ಆಗುತ್ತಿರಲಿಲ್ಲ. ಹಡಗು ಬರದಿದ್ದರೆ ನಾವೇ ಹೋಗೋಣ ಎಂದು 1830ರಲ್ಲಿ ಮರದ ಪಿಯರ್, ಅಂದರೆ ದಡದಿಂದ ನೀರಿನೊಳಕ್ಕೆ ಚಾಚಿದ ಕಟ್ಟೆ, ಕಟ್ಟಿದರು. ಉದ್ದ ಸಾಲಲಿಲ್ಲ, ಬೆಳೆಸಿದರು. 1889ರಲ್ಲಿ ಅದರ ಜಾಗಕ್ಕೆ ಕಬ್ಬಿಣದ್ದು ಬಂತು. ಈಗ ಅದು ಎರಡು ಕಿಲೋಮೀಟರಿಗೂ ಜಾಸ್ತಿ. ವಿಹಾರಕ್ಕೆಂದು ಕಟ್ಟಿದ ಪಿಯರ್‌ಗಳಲ್ಲಿ ಪ್ರಪಂಚದಲ್ಲೇ ಉದ್ದನೆಯದು ಇದೇ. ಮೇಲೆ ಪುಟ್ಟ ರೈಲೂ ಓಡುತ್ತದೆ. ಪಿಯರ್‌ಗೆ ಟಿಕೆಟ್ ಇದೆ. ಹೋಗುವಾಗ ನಡೆದು, ಬರುವಾಗ ರೈಲು ಹತ್ತಿ. ಉಲ್ಟಾ ಮಾಡಿದರೆ ಮಕ್ಕಳನ್ನು ಎತ್ತಿಕೊಂಡು ವಾಪಸ್ ನಡೆಯಬೇಕಾಗುತ್ತದೆ, ಅನುಭವದ ಮಾತು.

ನಮ್ಮ ಮನೆಯವರು ಕಾರಲ್ಲೇ ಹೋಗೋಣ ಎನ್ನುವ ಪೈಕಿ. ಬಿಸಿಲು ಬಿದ್ದ ಭಾನುವಾರ ಅಲ್ಲಿ ಪಾರ್ಕಿಂಗ್ ಹುಡುಕಿದವರು ಮತ್ತೆ ಆ ಮಾತು ಎತ್ತುವುದಿಲ್ಲ. ಬಾರ್ಕಿಂಗ್ ಅಥವಾ ಅಪ್‌ಮಿನ್‌ಸ್ಟರ್‌ನಲ್ಲಿ ಸಿಟುಸಿ ರೈಲು ಹತ್ತಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಇದ್ದರೆ ನಾಲ್ಕು ದೊಡ್ಡವರವರೆಗೆ ಮೂರನೇ ಒಂದು ಭಾಗ ಕಡಿಮೆ, ನಾಲ್ಕು ಮಕ್ಕಳವರೆಗೆ ನೂರಕ್ಕೆ 60ರಷ್ಟು ಕಡಿಮೆ. ಜೊತೆಗೆ ಟಿಕೆಟ್ ತೆಗೆದ ಒಂದು ಮಗುವಾದರೂ ಇರಬೇಕು, ಅಷ್ಟೇ. ಎರಡು ಮನೆಯವರು ಸೇರಿ ಒಂದೇ ಕಾರ್ಡಲ್ಲಿ ಹೋಗಬಹುದು. ಬೆನ್‌ಫ್ಲೀಟ್ ದಾಟಿದ ಮೇಲೆ ಎಡಕ್ಕೆ ಗುಡ್ಡದ ಮೇಲೆ ಹ್ಯಾಡ್ಲಿ ಕೋಟೆಯ ಮುರಿದ ಗೋಪುರ, ಬಲಕ್ಕೆ ಜೌಗು ಮತ್ತು ನೀರು. ಬಲಗಡೆ ಕಿಟಕಿ ಹಿಡಿಯಿರಿ.

ಸೀದಾ ಸೌತೆಂಡ್ ಸೆಂಟ್ರಲ್‌ಗೆ ಹೋಗಿ ಇಳಿಯಬೇಡಿ. ಲೀ-ಆನ್-ಸೀಯಲ್ಲಿ ಇಳಿಯಿರಿ. ಅಲ್ಲಿನ ಹಳೆಯ ಲೀ ಮೀನುಗಾರರ ಪುಟ್ಟ ಕೇರಿ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ನೀರು, ನಡುವೆ ಒಂದು ಇಕ್ಕಟ್ಟಿನ ಬೀದಿ. ಕಾಕಲ್ ಎನ್ನುವ ಚಿಪ್ಪು ಬೇಯಿಸಿ ಮಾರುವ ಶೆಡ್ಡುಗಳು ಸಾಲಾಗಿವೆ. ಕಾಕಲ್ ಎಂದರೆ ನಮ್ಮ ಬಳಚಿನ ದಾಯಾದಿ ಅನ್ನಿ. 1940ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಫ್ರಾನ್ಸಿನ ಡನ್‌ಕರ್ಕ್‌ನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಕರೆತರಲು ಇಲ್ಲಿಂದ ಆರು ಕಾಕಲ್ ದೋಣಿಗಳು ಹೋಗಿದ್ದವು. ಅದರಲ್ಲಿ 'ರಿನೌನ್' ಎಂಬುದು ವಾಪಸ್ ಬರುವಾಗ ಮೈನ್‌ಗೆ ಸಿಕ್ಕಿ ಹೋಯಿತು, ಅದರಲ್ಲಿದ್ದವರೂ ಹೋದರು. ಅತ್ತೆ ಆ ಕತೆ ಕೇಳಿ ಸ್ವಲ್ಪ ಹೊತ್ತು ಸುಮ್ನೆ ನೀರು ನೋಡುತ್ತಾ ನಿಂತರು. ಆಮೇಲೆ ವಿನೆಗರ್, ಕಾಳುಮೆಣಸಿನ ಪುಡಿ ಹಾಕಿದ ಕಾಕಲ್ ಒಂದು ಕಪ್ ತಿಂದು ತೀರ್ಪು ಕೊಟ್ಟರು: "ಮಾಲು ತಾಜಾ ಇದೆ. ಕಾಯಿ ಹಾಕಿ ಸುಕ್ಕ ಮಾಡಲು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ."

ಅಲ್ಲಿಂದ ನೀರಿನ ಬದಿಯಲ್ಲೇ ಚಾಕ್‌ವೆಲ್‌ವರೆಗೆ ನಡೆಯುವ ದಾರಿ ಇದೆ, ಸಿಂಡರ್ ಪಾತ್ ಎನ್ನುತ್ತಾರೆ. ಮುಂದೆ ತೀರದಲ್ಲಿ ಕ್ರೋ ಸ್ಟೋನ್ ಎಂಬ ಕಲ್ಲು ನಿಂತಿದೆ. ಹಿಂದೆ ಥೇಮ್ಸ್ ಮೇಲೆ ಲಂಡನ್ ನಗರದ ಅಧಿಕಾರ ಈ ಗೆರೆಗೆ ಮುಗಿಯುತ್ತಿತ್ತು. "ಇದು ಸಮುದ್ರವೇ ಅಲ್ಲ, ನದಿ" ಎಂದು ಸೌತೆಂಡ್‌ಗೆ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಕಲ್ಲು ದಾಟಿ ಪೂರ್ವಕ್ಕೆ ನಾಲ್ಕು ಹೆಜ್ಜೆ ಇಟ್ಟು ಅವರಿಗೆ ಫೋಟೊ ಕಳಿಸಿ. ಕಾಲು ನೋವು ಎನ್ನುವವರು ಚಾಕ್‌ವೆಲ್‌ಗೇ ನೇರವಾಗಿ ಬರಬಹುದು, ಸ್ಟೇಷನ್ ದಡಕ್ಕೆ ಅಂಟಿಕೊಂಡೇ ಇದೆ.

ಊಟದ ವಿಷಯ ನಿಮಗೆ ಹೇಳಬೇಕಾಗಿಲ್ಲ. ನಮ್ಮದು ಚಿತ್ರಾನ್ನ, ಮೊಸರನ್ನ. ಒಂದು ಸಲಹೆ ಮಾತ್ರ: ಮಂಡಕ್ಕಿ, ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ, ಖಾರದಪುಡಿ, ಕೊಬ್ಬರಿ ಎಣ್ಣೆ ಬೇರೆಬೇರೆ ಡಬ್ಬಿಯಲ್ಲಿ ಒಯ್ಯಿರಿ, ಅಲ್ಲೇ ಚುರುಮುರಿ ಕಲಸಿ. ಚಿಪ್ಸ್ ಕೊಂಡರೆ ಅರ್ಧ ಸೀಗಲ್‌ಗಳ ಪಾಲು. ಅವು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ. ಚುರುಮುರಿಯ ಖಾರ ನೋಡಿದ ಒಂದು ಸೀಗಲ್ ನಮ್ಮ ಕಡೆ ಮತ್ತೆ ಬರಲಿಲ್ಲ.

ಕೆಸರಿನ ಮೇಲೆ ದೂರ ನಡೆದು ಹೋಗಬೇಡಿ, ಇದನ್ನು ಮಾತ್ರ ಗಂಭೀರವಾಗಿ ಹೇಳುತ್ತಿದ್ದೇನೆ. ನೀರು ತಿರುಗಿ ಬರುವಾಗ ಸಣ್ಣ ಕಾಲುವೆಗಳಲ್ಲಿ ಹರಿದು ನಿಮ್ಮ ಹಿಂದಿನಿಂದ ಸುತ್ತುವರಿಯುತ್ತದೆ, ಗೊತ್ತೇ ಆಗುವುದಿಲ್ಲ. ಯಾರಾದರೂ ಸಿಕ್ಕಿಕೊಂಡರೆ ನೀವು ಇಳಿಯಬೇಡಿ, 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಹೋಗಿ ಬಂದವರು ಫೋಟೊ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಕೆಸರು ಮೆತ್ತಿದ ಚಪ್ಪಲಿಯ ಫೋಟೊ ಬೇಡ, ನಮ್ಮ ಮನೆಯಲ್ಲೇ ಆರು ಇವೆ.