ತ್ರೀಡಿ ಶಸ್ತ್ರಚಿಕಿತ್ಸಾ ಕ್ಯಾಮೆರಾದ ದೋಷ ಮತ್ತು ನಿಮ್ಮ ಸಿಬ್ಬಂದಿಯ ವರ್ತನೆಯ ಕುರಿತು ದೂರು

ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಕಣ್ಣಿನ ಶಸ್ತ್ರಚಿಕಿತ್ಸೆಯ ಮೈಕ್ರೋಸ್ಕೋಪಿಗೆ ಜೋಡಿಸುವ ನಿಮ್ಮ ತ್ರೀಡಿ ಕ್ಯಾಮೆರಾ ದುರಸ್ತಿಯಾಗಿ ಮರಳಿದಾಗಿನಿಂದ ನೋಡುವವರ ಎಡಗಣ್ಣಿಗೆ ಹೋಗುವ ಚಿತ್ರ ಮೇಲೆ, ಬಲಗಣ್ಣಿಗೆ ಹೋಗುವ ಚಿತ್ರ ಕೆಳಗೆ ಕೂತಿದೆ. ತ್ರೀಡಿ ಕನ್ನಡಕ ಹಾಕಿ ಪರದೆ ನೋಡಿದರೆ ಉಪಕರಣದ ತುದಿ ಎರಡಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯುತ್ತದೆ. ಎರಡು ಚಿತ್ರಗಳ ಅಡ್ಡ ವ್ಯತ್ಯಾಸದಿಂದ ಮಿದುಳು ಆಳವನ್ನು ಅಳೆಯುತ್ತದೆ, ಮೇಲೆ ಕೆಳಗಿನ ವ್ಯತ್ಯಾಸವನ್ನು ಕಣ್ಣು ಸಹಿಸುವುದಿಲ್ಲ. ತಯಾರಕರಿಗೆ ಇದನ್ನು ನಾನು ಹೇಳಿಕೊಡಬೇಕೇ? ಬಿಚ್ಚಿ ಕೂರಿಸಿದ ಮೇಲೆ ಎಡ, ಬಲ ಚಿತ್ರ ಹಿಡಿಯುವ ಎರಡೂ ಸೆನ್ಸರ್‌ಗಳ ಹೊಂದಾಣಿಕೆ ಪರೀಕ್ಷಿಸಿ ಸಹಿ ಮಾಡಿದ ವರದಿ ಕೊಡಬೇಕೆಂದು ನಿಮ್ಮದೇ ಸೇವಾ ಒಪ್ಪಂದದಲ್ಲಿದೆ. ಆ ವರದಿ ಇನ್ನೂ ಬಂದಿಲ್ಲ.

ಫೋನ್ ಮಾಡಿದಾಗ ನಿಮ್ಮ ತಂತ್ರಜ್ಞರು, "ಪರದೆಯಲ್ಲಿ ಚಿತ್ರ ಬರುತ್ತಿದೆಯೇ?" ಎಂದರು. ಬರುತ್ತಿದೆ ಎಂದೆ. "ಹಾಗಾದರೆ ಕ್ಯಾಮೆರಾ ಸರಿಯಾಗಿದೆ." ಆಳ ಸರಿಯಿಲ್ಲ ಎಂದೆ. "ಕನ್ನಡಕ ಒರೆಸಿ ನೋಡಿ." ಒರೆಸಿದ್ದೇವೆ, ಬದಲಿಸಿಯೂ ನೋಡಿದ್ದೇವೆ ಎಂದೆ. "ಸ್ವಲ್ಪ ದೂರ ಕುಳಿತುಕೊಳ್ಳಿ." ಕುಳಿತೂ ಆಯಿತು. ಆಗ ಬಂದ ಮಾತು: "ಮೇಡಂ, ನೀವು ಕಣ್ಣು ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ಕೆಲವರಿಗೆ ತ್ರೀಡಿ ಕಾಣುವುದೇ ಇಲ್ಲ." ಫೋನ್ ಸ್ಪೀಕರ್‌ನಲ್ಲಿತ್ತು. ನನ್ನ ಕೈಕೆಳಗೆ ಕಲಿಯುತ್ತಿರುವ ವೈದ್ಯರೂ ದಾದಿಯರೂ ತಲೆ ತಗ್ಗಿಸಿ ನಿಂತಿದ್ದರು. ಅದೇ ಮೈಕ್ರೋಸ್ಕೋಪಿನ ಐಪೀಸ್‌ನಲ್ಲಿ, ಅಂದರೆ ನೇರವಾಗಿ ಕಣ್ಣಿಟ್ಟು ನೋಡುವ ಕೊಳವೆಯಲ್ಲಿ, ನನಗೆ ಆಳ ಸ್ಪಷ್ಟವಾಗಿ ಕಾಣುತ್ತದೆ ಎಂದೆ. "ಹಾಗಿದ್ದರೆ ಅದರಲ್ಲೇ ಆಪರೇಷನ್ ಮಾಡಿಕೊಳ್ಳಿ" ಎಂದು ಫೋನ್ ಇಟ್ಟರು.

ಕತ್ತು ಬಗ್ಗಿಸದೆ ಕೆಲಸ ಮಾಡಲು, ಕಲಿಯುವವರೂ ನಾನು ಕಾಣುವ ಆಳವನ್ನೇ ಕಾಣಲು, ಬೇಕಾದ ಕಡೆ ಒಯ್ದು ಅಲ್ಲಿಯ ಮೈಕ್ರೋಸ್ಕೋಪಿಗೂ ಜೋಡಿಸಲು ಇದನ್ನು ಕೊಂಡೆವು. ಇದೆಲ್ಲ ನಿಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಇದೆ.

ಕಣ್ಣಿನ ಮಸೂರವನ್ನು ಹಿಂಬದಿಯಲ್ಲಿ ಆವರಿಸಿರುವ ತೆಳು ಪೊರೆ ನಡುವಿನಲ್ಲಿ ಸುಮಾರು 4 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲು, ದಪ್ಪ. ಅದು ಹರಿದರೆ ಕಣ್ಣಿನೊಳಗಿನ ಲೋಳೆ ಮುಂದಕ್ಕೆ ನುಗ್ಗುತ್ತದೆ. ಎಷ್ಟೋ ರೋಗಿಗಳು ಎಚ್ಚರವಾಗಿಯೇ ಮಲಗಿರುತ್ತಾರೆ, ನಮ್ಮ ಮಾತು ಅವರ ಕಿವಿಗೆ ಬೀಳುತ್ತಿರುತ್ತದೆ. ತುದಿ ಪೊರೆಗೆ ತಾಗಿದೆಯೋ ಇಲ್ಲವೋ ಎಂದು ಅಂದಾಜಿನ ಮೇಲೆ ಕೈಯಾಡಿಸಲು ನಾನು ಸಿದ್ಧಳಿಲ್ಲ.

ಈ ವಾರದೊಳಗೆ ಬದಲಿ ಕ್ಯಾಮೆರಾ, ಹೊಂದಾಣಿಕೆ ವರದಿ ಮತ್ತು ಲಿಖಿತ ಕ್ಷಮಾಪಣೆ ನನ್ನ ಕೈ ಸೇರಬೇಕು. ನಿಮ್ಮ ಕ್ಯಾಮೆರಾವೇ ದಾಖಲಿಸಿದ ಎಡ, ಬಲ ಚಿತ್ರಗಳ ವಿಡಿಯೊ ನನ್ನಲ್ಲಿದೆ. ಉತ್ತರ ಬಾರದಿದ್ದರೆ ಅದು ವೈದ್ಯಕೀಯ ಉಪಕರಣಗಳ ನಿಯಂತ್ರಕರಿಗೂ ಗ್ರಾಹಕ ನ್ಯಾಯಾಲಯಕ್ಕೂ ಹೋಗುತ್ತದೆ. ಇದನ್ನು ಕೊಳ್ಳಲು ಯೋಚಿಸಿ ನನ್ನ ಅಭಿಪ್ರಾಯ ಕೇಳುವ ಪ್ರತಿಯೊಬ್ಬ ನೇತ್ರತಜ್ಞರಿಗೂ ಅದನ್ನೇ ತೋರಿಸುತ್ತೇನೆ.

ಇಂತಿ,
ಮುಖ್ಯಸ್ಥೆ, ನೇತ್ರ ಶಸ್ತ್ರಚಿಕಿತ್ಸಾ ವಿಭಾಗ