ಅಪ್ಪನ ಆಂಜಿಯೋಗ್ರಾಂ ಜೂನ್‌ವರೆಗೆ ಕಾಯುವುದು ಬೇಡ: ಉಪ್ಸಲಾದಿಂದ ಮನೆಗೆ

ಉಪ್ಸಲಾ, ಸ್ವೀಡನ್
21 ಮಾರ್ಚ್ 2025

ತೀರ್ಥರೂಪರಾದ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ಸಾಷ್ಟಾಂಗ ನಮಸ್ಕಾರಗಳು. ಅಜ್ಜಿಗೆ ನಮಸ್ಕಾರ, ಪುಟ್ಟನಿಗೆ ಆಶೀರ್ವಾದ. ಇತ್ತ ನಾನು ಕ್ಷೇಮ.

ಅಮ್ಮ, ನಿನ್ನ ಕಾಗದ ಸೋಮವಾರ ಕೈಸೇರಿತು. ಓದು ಹೇಗೆ ನಡೆದಿದೆ, ಪಿಟೀಲಿನ ಗೀಳಿನಲ್ಲಿ ಪಾಠ ಹಿಂದೆ ಬಿದ್ದಿಲ್ಲವಷ್ಟೆ, ಜೊತೆಗಿರುವ ಸ್ನೇಹಿತರು ಎಂಥವರು ಎಂದು ಎರಡು ಪುಟ ತುಂಬ ಕೇಳಿ, ಕೊನೆಯಲ್ಲಿ ಜಾಗ ಉಳಿದಿರುವಷ್ಟರಲ್ಲಿ ಸಣ್ಣ ಅಕ್ಷರದಲ್ಲಿ ಅಪ್ಪನಿಗೆ ತೋಟದ ಏರು ಹತ್ತುವಾಗ ಎದೆ ಬಿಗಿಯುತ್ತದೆ, ಡಾಕ್ಟರು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ನೋಡಿ ಆಂಜಿಯೋಗ್ರಾಂ ಆಗಲೇಬೇಕು ಎಂದಿದ್ದಾರೆ, ಆದರೆ ಅಪ್ಪ, ಮಗಳು ಜೂನ್‌ನಲ್ಲಿ ಬಂದ ಮೇಲೆ ನೋಡೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀಯೆ. ಉಳಿದದ್ದೆಲ್ಲ ಆ ಒಂದು ಸಾಲಿನ ಮುಂದೆ ನನಗೆ ಕಾಣಲೇ ಇಲ್ಲ. ಫೋನಿನಲ್ಲಿ ಈ ಮಾತು ಎತ್ತಿದ ಕೂಡಲೇ ಅಪ್ಪ "ಅಮ್ಮನಿಗೆ ಕೊಡುತ್ತೇನೆ" ಎಂದು ಎದ್ದುಹೋಗುತ್ತಾರೆ. ಆದ್ದರಿಂದಲೇ ಇದನ್ನು ಟೈಪ್ ಮಾಡಿ ಪುಟ್ಟನಿಗೆ ಕಳಿಸುತ್ತಿದ್ದೇನೆ. ಅವನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಅಪ್ಪನ ಕೈಗೇ ಕೊಡಲಿ.

"ಅವಳಿಗೆ ಪರೀಕ್ಷೆ ಇದೆ, ಸಂಗೀತ ಕಛೇರಿ ಇದೆ, ಹೇಳಿ ಮನಸ್ಸು ಕೆಡಿಸಬೇಡ" ಎಂದು ಅಪ್ಪ ನಿನ್ನನ್ನು ತಡೆದರಂತೆ. ಹಾಗಾಗಿ ಮೊದಲು ನಿನ್ನ ಪ್ರಶ್ನೆಗಳಿಗೇ ಉತ್ತರ ಬರೆಯುತ್ತೇನೆ. ನನ್ನ ಓದನ್ನೂ ಸಂಗೀತವನ್ನೂ ಮುಂದೆ ಮಾಡಿ ಅಪ್ಪ ತಮ್ಮ ಎದೆನೋವನ್ನು ಮುಚ್ಚಿಡಬಾರದು.

ಓದು ಕಷ್ಟವಾಗಿಯೇ ಇದೆ, ಆದರೆ ನನ್ನ ಹಿಡಿತದಲ್ಲಿದೆ. ಇಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್; ವಾರಕ್ಕೆ ಸುಮಾರು 40 ಗಂಟೆ ದುಡಿದರೆ ಒಂದೂವರೆ ಕ್ರೆಡಿಟ್ ಎಂಬ ಲೆಕ್ಕ. ತರಗತಿಯಲ್ಲಿ ಕೂರುವ ಹೊತ್ತು ನಮ್ಮ ಕಾಲೇಜಿಗಿಂತ ಕಡಿಮೆ, ತಾನೇ ಕುಳಿತು ಓದಬೇಕಾದದ್ದು ಬಹಳ ಹೆಚ್ಚು. ನಮ್ಮಲ್ಲಿಯ ಹಾಗೆ ಆರು ವಿಷಯಗಳ ಪರೀಕ್ಷೆ ಒಟ್ಟಿಗೆ ಮೇಲೆ ಬೀಳುವುದಿಲ್ಲ, ಒಂದು ಕೋರ್ಸು ಮುಗಿಸಿ ಇನ್ನೊಂದನ್ನು ಹಿಡಿಯುವ ಕ್ರಮ ನನಗೆ ಒಗ್ಗಿದೆ. ಜಲವಿಜ್ಞಾನದ ಲಿಖಿತ ಪರೀಕ್ಷೆ ಮೊನ್ನೆ ಮುಗಿಯಿತು. ಐದು ಗಂಟೆಯ ಪರೀಕ್ಷೆ. ಉತ್ತರಪತ್ರಿಕೆಯಲ್ಲಿ ಹೆಸರು ಬರೆಯುವಂತಿಲ್ಲ, ಒಂದು ಸಂಕೇತ ಸಂಖ್ಯೆ ಮಾತ್ರ. ಮೇಜಿನ ಮೇಲೆ ಬಾಳೆಹಣ್ಣು, ಬ್ರೆಡ್ಡು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ತಿನ್ನುತ್ತ ಬರೆಯಬಹುದು. ಅಧ್ಯಾಪಕರನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ಇದು ಅಗೌರವವಲ್ಲ, ಈ ದೇಶದ ರೂಢಿಯೇ ಹಾಗೆ, ಮತ್ತು ಅಷ್ಟೇ ಸಲಿಗೆಯಿಂದ ಅವರು ನಮ್ಮ ಪ್ರಶ್ನೆಗೆ ಕುಳಿತು ಉತ್ತರ ಹೇಳುತ್ತಾರೆ.

ಅಪ್ಪನಿಗೆ ಇಷ್ಟವಾಗುವ ಸಂಗತಿಯೊಂದಿದೆ. ನಮ್ಮ ಕಡೆ ಹೊಳೆ ತುಂಬುವುದೆಂದರೆ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆ. ಲಿಂಗನಮಕ್ಕಿ ಜಲಾಶಯದ ಮಟ್ಟ ನೋಡಿ ವರ್ಷದ ಲೆಕ್ಕ ಹಾಕುತ್ತೇವೆ. ಈ ದೇಶದ ಉತ್ತರದ ನದಿಗಳು ಚಳಿಗಾಲವೆಲ್ಲ ಬಿದ್ದ ಹಿಮ ವಸಂತದಲ್ಲಿ ಕರಗಿದಾಗ ತುಂಬಿ ಹರಿಯುತ್ತವೆ. ಅದನ್ನು ಮುಂಚಿತವಾಗಿ ಅಂದಾಜು ಮಾಡಲು 1970ರ ದಶಕದಲ್ಲಿ ಸ್ವೀಡನ್ನಿನ ಹವಾಮಾನ ಮತ್ತು ಜಲವಿಜ್ಞಾನ ಸಂಸ್ಥೆಯಲ್ಲಿ ಸ್ಟೆನ್ ಬೆರ್ಗ್‌ಸ್ಟ್ರೋಮ್ ಎಂಬವರು ರೂಪಿಸಿದ ಎಚ್‌ಬಿವಿ ಎಂಬ ಗಣಿತ ಮಾದರಿಯನ್ನು ನಮಗೆ ಕಲಿಸಿದರು. ಉಷ್ಣಾಂಶ ಒಂದು ಮಿತಿಯನ್ನು ದಾಟಿದ ಮೇಲೆ ಪ್ರತಿ ಡಿಗ್ರಿಗೆ ದಿನಕ್ಕೆ ಇಷ್ಟು ಮಿಲಿಮೀಟರ್ ಹಿಮ ಕರಗುತ್ತದೆ ಎಂಬ ಸರಳ ಸೂತ್ರದ ಮೇಲೆ ಅದರ ಹಿಮದ ಭಾಗ ನಿಂತಿದೆ. ದಿನದಿನದ ಮಳೆ, ದಿನದಿನದ ಉಷ್ಣಾಂಶ, ಇವೇ ಅದಕ್ಕೆ ಬೇಕಾದ ಮುಖ್ಯ ಅಂಕಿಗಳು. ಅಪ್ಪ ತಮ್ಮ ಡೈರಿಯಲ್ಲಿ ಪ್ರತಿ ಬೆಳಗ್ಗೆ ಬರೆದಿಡುವ ಮಳೆಯ ಇಂಚುಗಳಂಥ ದಾಖಲೆಗೆ ಎಷ್ಟು ಬೆಲೆಯಿದೆ ಎಂಬುದು ನನಗೆ ಇಲ್ಲಿ ಕುಳಿತು ಅರ್ಥವಾಯಿತು. ಊರಿಗೆ ಬಂದು ಮಾಡಬೇಕಾದ ಪ್ರಾಜೆಕ್ಟಿಗೆ ಆ ಡೈರಿಗಳೂ ಬೇಕು, ಅವುಗಳನ್ನು ಬರೆದವರೂ ಬೇಕು.

ಇನ್ನು ಪಿಟೀಲು. ಮೇಷ್ಟ್ರು ಕೈ ಕೆಟ್ಟುಹೋಯಿತೇ ಎಂದು ಕೇಳಿದರೆಂದು ಬರೆದಿದ್ದೀಯೆ. ಕೆಟ್ಟಿಲ್ಲ ಎಂದು ಅವರಿಗೆ ನನ್ನ ನಮಸ್ಕಾರದೊಂದಿಗೆ ತಿಳಿಸು. ಇಲ್ಲಿಯ ವಿದ್ಯಾರ್ಥಿಗಳಿಗೆ ನೇಷನ್ ಎಂಬ ಸಂಘಗಳಿವೆ. ಸ್ವೀಡನ್ನಿನ ಬೇರೆ ಬೇರೆ ಪ್ರಾಂತ್ಯ, ಊರುಗಳ ಹೆಸರು ಹೊತ್ತ 13 ಸಂಘಗಳು, ಹೊರದೇಶದವರೂ ಸೇರಬಹುದು. ನಾನು ಸೇರಿದ ಸಂಘದ ವಾದ್ಯವೃಂದದಲ್ಲಿ ಎರಡನೆಯ ಪಿಟೀಲಿನ ಸಾಲಿನಲ್ಲಿ ನುಡಿಸುತ್ತೇನೆ. ಮಂಗಳವಾರ ಸಂಜೆ ಮಾತ್ರ ಅಭ್ಯಾಸ. ಸ್ವೀಡನ್ನಿನ ಸಂಗೀತ ರಚನಕಾರ ಹ್ಯೂಗೋ ಆಲ್ವೇನ್ 1910ರಿಂದ 1939ರವರೆಗೆ ಸಂಗೀತ ನಿರ್ದೇಶಕರಾಗಿದ್ದ ವಿಶ್ವವಿದ್ಯಾಲಯವಿದು, ಎಂಜಿನಿಯರಿಂಗ್ ಓದುವವರೂ ವೈದ್ಯಕೀಯ ಓದುವವರೂ ಸಂಜೆಯಾದರೆ ವಾದ್ಯ ಹೊತ್ತು ಹೊರಡುತ್ತಾರೆ. ಓದುವವರಿಗೆ ಸಂಗೀತ ಏಕೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಶ್ರುತಿ ಮಾತ್ರ ಬೇರೆ. ನಮ್ಮದು ಸ ಪ ಸ ಪ. ಇವರ ನಾಲ್ಕು ತಂತಿಗಳ ನಡುವೆಯೂ ಒಂದೊಂದು ಷಡ್ಜ-ಪಂಚಮದ ಅಂತರ, ಹೀಗಾಗಿ ಒಂದೇ ಸ್ವರಕ್ಕೆ ಬೆರಳು ಇಡುವ ಜಾಗ ತಂತಿಯಿಂದ ತಂತಿಗೆ ಬೇರೆಯಾಗುತ್ತದೆ. ಮೇಲಾಗಿ ಕುರ್ಚಿಯಲ್ಲಿ ಕುಳಿತು, ಗದ್ದದ ಕೆಳಗೆ ವಾದ್ಯ ಒತ್ತಿ ಹಿಡಿದು, ಎದುರಿನ ಹಾಳೆ ನೋಡಿ ನುಡಿಸಬೇಕು. ಎರಡೂ ಕಲಸಿಹೋಗದಿರಲೆಂದು ಸಂಘದಿಂದ ಎರವಲು ಪಡೆದ ಪಿಟೀಲನ್ನು ಅಲ್ಲಿಯ ಶ್ರುತಿಗೇ ಬಿಟ್ಟಿದ್ದೇನೆ. ನನ್ನದನ್ನು ಬೆಳಗ್ಗೆ ಕೋಣೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ, ಪಾದದ ಮೇಲೆ ಒರಗಿಸಿ, ಮೊಬೈಲಿನ ತಂಬೂರಿ ಹಾಕಿಕೊಂಡು ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ವರಸೆಗಳಿಂದಲೇ ಶುರುಮಾಡುತ್ತೇನೆ. ಗಮಕ ಹಾಗೆಯೇ ಉಳಿದಿದೆ. ಮುಂದಿನ ಕಛೇರಿ ಮೇ ತಿಂಗಳಲ್ಲಿ.

ಸ್ನೇಹಿತರ ವಿಷಯದಲ್ಲಿ ನಿಶ್ಚಿಂತೆಯಿಂದಿರು. ಹನ್ನೆರಡು ಕೋಣೆಗಳಿಗೆ ಒಂದೇ ಅಡುಗೆಮನೆ. ಒಟ್ಟಿಗೆ ಓದುವ ಜರ್ಮನಿಯ ಹುಡುಗಿಯೂ ಕೊಲಂಬಿಯಾದ ಹುಡುಗನೂ ನನ್ನ ಕೋಣೆಗಳ ಸಾಲಿನಲ್ಲಿಯೇ ಇದ್ದಾರೆ, ಇಬ್ಬರೂ ಒಳ್ಳೆಯ ಮನೆಯ ಮಕ್ಕಳು. ಅಂಗಡಿಯಲ್ಲಿ ಫಿಲ್ಮ್ಯೋಲ್ಕ್ ಎಂಬ ಹುಳಿ ಹಾಲು ಸಿಗುತ್ತದೆ, ನಮ್ಮ ಗಟ್ಟಿ ಮಜ್ಜಿಗೆಯಂತೆಯೇ. ಅದಕ್ಕೆ ಜೀರಿಗೆ ಮೆಣಸು ಹುರಿದು ಅರೆದು ಹಾಕಿ ತಂಬುಳಿ ಮಾಡುತ್ತೇನೆ, ಅವರೂ ಅನ್ನಕ್ಕೆ ಕಲಸಿ ತಿನ್ನುತ್ತಾರೆ. ಅಜ್ಜಿಗೆ ಹೇಳು, ಇಲ್ಲಿಯೂ ಯಾರೂ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಕಾಲಿಡುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಮಾತ್ರ ಫ್ಲೋಗ್‌ಸ್ಟಾ ಬಡಾವಣೆಯ ವಿದ್ಯಾರ್ಥಿಗಳು ಕಿಟಕಿ ತೆರೆದು ಒಟ್ಟಾಗಿ ಕೂಗುತ್ತಾರೆ. ಓದಿನ ಒತ್ತಡ ಇಳಿಸಿಕೊಳ್ಳಲು ಹಲವು ದಶಕಗಳಿಂದ ನಡೆದುಬಂದ ಪದ್ಧತಿಯಂತೆ. ಫೋನಿನಲ್ಲಿ ನಿನಗೆ ಕೇಳಿಸಿ ಗಾಬರಿಯಾದದ್ದು ಅದೇ, ಜಗಳವಲ್ಲ. ವಾರದ ಯಾವ ದಿನ ಓದು, ಯಾವ ಸಂಜೆ ಸಂಗೀತ, ಯಾವಾಗ ಸ್ನೇಹಿತರೊಂದಿಗೆ ಊಟ ಎಂಬುದನ್ನು ಭಾನುವಾರವೇ ಗೊತ್ತುಮಾಡಿಕೊಳ್ಳುತ್ತೇನೆ, ಬಹುತೇಕ ಹಾಗೆಯೇ ನಡೆಯುತ್ತದೆ. ಮನೆಯಿಂದ ಕೆಟ್ಟ ಸುದ್ದಿ ಬಂದರೆ ಕುಸಿದುಬೀಳುವಷ್ಟು ದುರ್ಬಲವಾದ ಏರ್ಪಾಡು ಇದಲ್ಲ. ಸುದ್ದಿಯನ್ನು ಮುಚ್ಚಿಟ್ಟರೆ ಮಾತ್ರ ನನಗೆ ಓದಲೂ ಆಗದು, ನುಡಿಸಲೂ ಆಗದು.

ಅಪ್ಪ, ಇನ್ನು ನಿಮಗೆ.

ಏರು ಹತ್ತುವಾಗ ಎದೆ ಬಿಗಿದು, ನಿಂತರೆ ಸರಿಹೋಗುವುದನ್ನು ನೀವು ಗ್ಯಾಸ್ ಎನ್ನುತ್ತಿದ್ದೀರಿ. ಶ್ರಮ ಮಾಡಿದಾಗ ಬಂದು ವಿಶ್ರಾಂತಿಯಲ್ಲಿ ಹೋಗುವ ಬಿಗಿತ ಹೃದಯದ ರಕ್ತನಾಳ ಕಿರಿದಾಗಿರುವುದರ ಲಕ್ಷಣವಾಗಿರಬಹುದು, ಮತ್ತು ಟಿಎಂಟಿಯೂ ಅದನ್ನೇ ತೋರಿಸಿದೆ. ಇಲ್ಲಿ ವೈದ್ಯಕೀಯ ಓದುವ ನನ್ನ ವಾದ್ಯವೃಂದದ ಗೆಳತಿಯನ್ನೂ ಕೇಳಿದೆ. ಆಂಜಿಯೋಗ್ರಾಂ ಎಂದರೆ ಎದೆ ಕೊಯ್ಯುವುದಲ್ಲ. ಮಣಿಕಟ್ಟಿನ ಅಥವಾ ತೊಡೆಯ ಸಂದಿಯ ರಕ್ತನಾಳದಿಂದ ತೆಳ್ಳಗಿನ ನಳಿಕೆ ಹಾಯಿಸಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು, ತಡೆ ಎಲ್ಲಿದೆಯೆಂದು ನೋಡುವ ಪರೀಕ್ಷೆ. ಬಹಳಷ್ಟು ಜನ ಅದೇ ದಿನ ಇಲ್ಲವೆ ಮರುದಿನ ಮನೆಗೆ ಬರುತ್ತಾರೆ. ಅದರಲ್ಲಿ ಏನು ಕಾಣುತ್ತದೆಯೋ ಅದರ ಮೇಲೆ ಮಾತ್ರೆ ಸಾಕೇ, ರಕ್ತನಾಳ ತೆರೆದಿಡುವ ಸ್ಟೆಂಟ್ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ನೋಡದೆ ಕಾಯುವುದರಲ್ಲಿಯೇ ಅಪಾಯ ಇರುವುದು.

ಜೂನ್ ಎನ್ನುತ್ತೀರಿ. ಜೂನ್ ಎಂದರೆ ಮಳೆ ಹಿಡಿಯುವ ಹೊತ್ತು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಹೊತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕಿದ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವನು ಸಿಗುವುದಿಲ್ಲ. ಆಗ ನೀವು ಔಷಧಿ ಹೊಡೆದು ಮುಗಿಯಲಿ ಎನ್ನುತ್ತೀರಿ, ಆಮೇಲೆ ಎರಡನೆಯ ಸಲದ್ದು, ಆಮೇಲೆ ಚೌತಿ. ಈಗ ಕೊಯ್ಲು ಮುಗಿದಿದೆ. ತೋಟಕ್ಕೆ ನೀರು ಬಿಡುವುದನ್ನು ಪುಟ್ಟ ನೋಡಿಕೊಳ್ಳಬಲ್ಲ. ಸಾಗರದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು, ಜಯನಗರದ ಚಿಕ್ಕಪ್ಪನ ಮನೆಯಿಂದ ಜಯದೇವ ಹೃದ್ರೋಗ ಆಸ್ಪತ್ರೆ ಹತ್ತಿರವೇ. ಚಿಕ್ಕಪ್ಪನಿಗೆ ನಿನ್ನೆಯೇ ಬರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ದುಡ್ಡಿನ ಮಾತನ್ನು ನೀವು ಬಾಯಿಬಿಟ್ಟು ಆಡಿಲ್ಲ, ಆದರೆ ನನಗೆ ಗೊತ್ತಾಗುತ್ತದೆ. ಎಲೆಚುಕ್ಕಿ ರೋಗ ಬಂದು ಫಸಲು ಇಳಿದ ಮೇಲೂ ವೀಸಾಕ್ಕೆ ತೋರಿಸಬೇಕೆಂದು ಠೇವಣಿ ಮುರಿದು ನನ್ನ ಖಾತೆಗೆ ಹಾಕಿದಿರಿ, ಈಗ ಅದನ್ನು ಮುಟ್ಟಬಾರದೆಂದು ಸುಮ್ಮನಿದ್ದೀರಿ. ವಿನಿಮಯದಲ್ಲಿ ಬಂದವಳಾದ್ದರಿಂದ ನಾನು ಇಲ್ಲಿ ಬೋಧನಾ ಶುಲ್ಕ ಕಟ್ಟುವುದಿಲ್ಲ. ಬಾಡಿಗೆ ಮತ್ತು ಊಟ ಮಾತ್ರ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ, ಓಡಾಟಕ್ಕೆ ಹಳೆಯ ಸೈಕಲ್ಲಿದೆ. ಜೂನ್‌ವರೆಗಿನ ಖರ್ಚು ತೆಗೆದಿಟ್ಟ ಮೇಲೂ ಒಂದೂವರೆ ಲಕ್ಷ ರೂಪಾಯಿ ಉಳಿಯುತ್ತದೆ. ಜಂಟಿ ಖಾತೆ, ನಿಮ್ಮ ಸಹಿ ಸಾಕು, ತೆಗೆಯಿರಿ. ಅದು ನಿಮ್ಮದೇ ದುಡ್ಡು. ಸಾಲದಿದ್ದರೆ ಹೇಳಿ, ಹಿಂತಿರುಗುವ ಮುನ್ನ ಸ್ನೇಹಿತರೊಂದಿಗೆ ಹೋಗಬೇಕೆಂದಿದ್ದ ನಾರ್ವೆ ಪ್ರವಾಸಕ್ಕೆ ನಾನಿನ್ನೂ ಟಿಕೆಟ್ ತೆಗೆದಿಲ್ಲ. ಅದನ್ನು ಬಿಡುವುದು ನನಗೆ ಸ್ವಲ್ಪವೂ ಕಷ್ಟವಲ್ಲ.

ವಾರದಲ್ಲಿ ಎರಡು ದಿನ ಸಂಜೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಸಾಗರಕ್ಕೆ ಪಿಟೀಲಿನ ಪಾಠಕ್ಕೆ ಕರೆದೊಯ್ದು, ಪಾಠ ಮುಗಿಯುವವರೆಗೂ ಮೇಷ್ಟ್ರ ಜಗಲಿಯಲ್ಲಿ ಕಾದವರು ನೀವು. ನಾನು ಇಲ್ಲಿ ನುಡಿಸುತ್ತಿರುವುದು ಅದರಿಂದಲೇ. ಈಗ ನಾನು ಕೇಳುತ್ತಿರುವುದು ಎರಡು ದಿನದ ಬಿಡುವು ಮಾತ್ರ, ದಯವಿಟ್ಟು ಇಲ್ಲವೆನ್ನಬೇಡಿ.

ಅಮ್ಮ, ಅಲ್ಲಿಯವರೆಗೆ ಅಪ್ಪನಿಗೆ ಏರು ಹತ್ತಲು, ಗೊನೆ ಹೊರಲು ಬಿಡಬೇಡ. ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಬಾರದು. ಸುಮ್ಮನೆ ಕುಳಿತಾಗಲೂ ನೋವು ಬಂದರೆ, ತಣ್ಣನೆಯ ಬೆವರು ಬಂದರೆ, ಎಡಗೈಗೋ ದವಡೆಗೋ ಹರಿದರೆ, ಬೆಳಗಾಗಲಿ ಎಂದು ಕಾಯದೆ ತಕ್ಷಣ 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯ ಗಣಪಣ್ಣನ ಕಾರಾದರೂ ಸರಿ, ಆಸ್ಪತ್ರೆಗೆ ಹೊರಡಿ. ನನ್ನ ಬಗ್ಗೆ ಏನೇನೂ ಯೋಚಿಸಬೇಡ. ಚೆನ್ನಾಗಿ ಉಣ್ಣುತ್ತೇನೆ, ಹೊತ್ತಿಗೆ ಮಲಗುತ್ತೇನೆ, ಸ್ವೆಟರ್ ಹಾಕದೆ ಹೊರಗೆ ಹೋಗುವುದಿಲ್ಲ, ನೆಗಡಿ ಕೂಡ ಆಗಿಲ್ಲ.

ಮಾರ್ಚ್ 30ಕ್ಕೆ ಯುಗಾದಿ. ಅದೇ ದಿನ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆಮೇಲೆ ನಮಗೂ ನಿಮಗೂ ಮೂರೂವರೆ ಗಂಟೆಯ ವ್ಯತ್ಯಾಸ ಮಾತ್ರ. ಆ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ, ಅಪ್ಪನೇ ತೆಗೆದುಕೊಳ್ಳಲಿ. ಅಷ್ಟರಲ್ಲಿ ಆಸ್ಪತ್ರೆಗೆ ಹೋಗುವ ತಾರೀಖು ಗೊತ್ತಾಗಿರಬೇಕು, ರೈಲಿನ ಟಿಕೆಟನ್ನು ಪುಟ್ಟ ಮಾಡಿಸಿರಬೇಕು.

ಬಟ್ಟೆ ಒಗೆಯುವ ಯಂತ್ರಕ್ಕೆ ನಾನು ಹೆಸರು ಬರೆಸಿದ ಹೊತ್ತಾಯಿತು, ತಡವಾದರೆ ಬೇರೆಯವರ ಪಾಲಾಗುತ್ತದೆ. ಎಲ್ಲರಿಗೂ ನಮಸ್ಕಾರ. ಟಿಎಂಟಿ ರಿಪೋರ್ಟಿನ ಫೋಟೋವನ್ನು ಪುಟ್ಟ ಇವತ್ತೇ ಕಳಿಸಲಿ.

ಇಂತಿ ನಿಮ್ಮ ಮಗಳು