ಖಾಲಿ ಬೆಂಗಳೂರಿನ ಫೋಟೊಗಳಿಗೆ ಸರಿಯಾದ ತಾರೀಖು ಬೇಕು

ಮಾನ್ಯರೆ,

ಪ್ರತಿ ವರ್ಷ ಮಾರ್ಚ್ ಕೊನೆ ಬಂತೆಂದರೆ ಲಾಕ್‌ಡೌನ್ ಕಾಲದ ಬೆಂಗಳೂರಿನ ಫೋಟೊಗಳು ಪತ್ರಿಕೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಓಡಾಡತೊಡಗುತ್ತವೆ. ನರಪಿಳ್ಳೆಯಿಲ್ಲದ ಎಂ.ಜಿ. ರಸ್ತೆ, ಬಸ್ಸಿಲ್ಲದ ಮೆಜೆಸ್ಟಿಕ್, ಬೀಗ ಬಿದ್ದ ಕೆ.ಆರ್. ಮಾರುಕಟ್ಟೆ. ಬಹುತೇಕ ಎಲ್ಲದರ ಕೆಳಗೂ ಒಂದೇ ಅಡಿಬರಹ: ‘ಮಾರ್ಚ್ 2020’. ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಬೆಂಗಳೂರು ಖಾಲಿಯಾದದ್ದು ಒಂದೇ ಸಲವಲ್ಲ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ದೇಶವ್ಯಾಪಿ ಲಾಕ್‌ಡೌನ್. ಆ ವರ್ಷದ ಜುಲೈ ತಿಂಗಳ ಭಾನುವಾರಗಳ ಲಾಕ್‌ಡೌನ್. ಜುಲೈ 14ರ ರಾತ್ರಿಯಿಂದ 22ರ ಬೆಳಗಿನವರೆಗೆ ನಗರಕ್ಕಷ್ಟೇ ಹಾಕಿದ ಬೀಗ. ಆಮೇಲೆ 2021ರ ಏಪ್ರಿಲ್ 27ರ ರಾತ್ರಿಯಿಂದ ಜೂನ್‌ವರೆಗೆ ಕೊರೊನಾ ಎರಡನೇ ಅಲೆಯ ಲಾಕ್‌ಡೌನ್. ಒಂದೊಂದರ ನಿಯಮವೂ ಬೇರೆ, ಬೀದಿಯ ಚಹರೆಯೂ ಬೇರೆ. 2021ರಲ್ಲಿ ದಿನಸಿ ಅಂಗಡಿ ಹೆಚ್ಚಿನ ದಿನ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಮೇ 10ರಿಂದ ಮೊದಲಿಗೆ ಸಾಮಾನು ತರಲೂ ಗಾಡಿ ತೆಗೆಯಬಾರದು ಎಂದಿತ್ತು, ಟೀಕೆ ಬಂದ ಮೇಲೆ ಸಡಿಲವಾಯಿತು. ಒಂದೂ ಸ್ಕೂಟರ್ ಇಲ್ಲದೆ ಚೀಲ ಹಿಡಿದವರು ಸಾಲಾಗಿ ನಡೆಯುತ್ತಿರುವ ಬೆಳಗಿನ ಚಿತ್ರ ಆ ದಿನಗಳದ್ದಿರುವ ಸಂಭವ ಹೆಚ್ಚು.

ಈ ಚಿತ್ರಗಳ ಬೆಲೆ ತಿಳಿಯಬೇಕಾದರೆ ಒಂದು ಸಂಗತಿ ನೆನಪಿಡಬೇಕು. ಗೂಗಲ್‌ನ ಸ್ಟ್ರೀಟ್ ವ್ಯೂ (ನಕ್ಷೆಯಲ್ಲಿ ರಸ್ತೆಗಳ ಚಿತ್ರ ತೋರಿಸುವ ಸೇವೆ) ಕಾರುಗಳನ್ನು 2011ರಲ್ಲಿ ಬೆಂಗಳೂರಿನ ಪೊಲೀಸರು ನಿಲ್ಲಿಸಿದರು. ಆ ಸೇವೆ ಭಾರತದಲ್ಲಿ ಶುರುವಾದದ್ದು 2022ರ ಜುಲೈನಲ್ಲಿ. ಅಂದರೆ ಇವತ್ತು ಆ ನಕ್ಷೆಯಲ್ಲಿ ಹಿಂದಕ್ಕೆ ಹೋಗಿ ನೋಡೋಣವೆಂದರೆ ಆ ಎರಡು ಬೇಸಿಗೆಗಳ ರಸ್ತೆಗಳು ಅಲ್ಲಿ ಸಿಗುವುದು ಕಷ್ಟ. ಹಾಲು ತರಲು ಹೋದವರು, ಪಾಸ್ ಇದ್ದವರು, ಮಹಡಿಯ ಮೇಲೆ ನಿಂತವರು ತೆಗೆದ ಚಿತ್ರಗಳೇ ದಾಖಲೆ. ಅವು ಈಗ ಹಳೆಯ ಮೊಬೈಲುಗಳಲ್ಲಿ ಕೂತಿವೆ. ಬ್ಯಾಟರಿ ಉಬ್ಬಿದ ದಿನ ಹೋಗಿಬಿಡುತ್ತವೆ.

ಚಿತ್ರ ಎತ್ತಿಡುವಾಗ ಸಾಮಾನ್ಯವಾಗಿ ಆಗುವ ತಪ್ಪು ವಾಟ್ಸ್‌ಆ್ಯಪ್‌ನದು. ಅದರಲ್ಲಿ ಫೋಟೊ ಕಳಿಸಿದರೆ ಗಾತ್ರ ಕುಗ್ಗುವುದಷ್ಟೇ ಅಲ್ಲ, ತೆಗೆದ ಸಮಯ, ಸ್ಥಳದ ಮಾಹಿತಿಯೂ ಕಿತ್ತುಹೋಗುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಕಡತದ ಹೆಸರೊಳಗೆ ಕಾಣುವ 20200405ರಂಥ ಅಂಕಿ ಚಿತ್ರ ಆ ಫೋನಿಗೆ ಬಂದು ಸೇರಿದ ದಿನ, ತೆಗೆದ ದಿನವಲ್ಲ. ಆದ್ದರಿಂದ ಮೂಲ ಯಾರ ಫೋನಿನಲ್ಲಿದೆಯೋ ಅವರಿಂದಲೇ ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಬೇಕು, ಇಲ್ಲವೇ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಬೇಕು. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಕಂಪ್ಯೂಟರಿನಲ್ಲಿ ನೋಡಬೇಕಾದ್ದು ‘ತೆಗೆದ ದಿನಾಂಕ’ವನ್ನು, ‘ಮಾರ್ಪಡಿಸಿದ ದಿನಾಂಕ’ ಯಾವ ಕಾರಣಕ್ಕಾದರೂ ಬದಲಾಗಿರಬಹುದು. ಇನ್ನು ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ? ಹಗಲಿನ ಚಿತ್ರಕ್ಕೆ ರಾತ್ರಿ 8 ಗಂಟೆ ಎಂದು ತೋರಿಸುತ್ತಿದ್ದರೆ ವ್ಯತ್ಯಾಸ ಎಷ್ಟೆಂದು ಹುಡುಕಬೇಕು. ಅದೇ ಕ್ಯಾಮೆರಾದಲ್ಲಿ ಇವತ್ತು ಒಂದು ಗೋಡೆ ಗಡಿಯಾರದ ಚಿತ್ರ ತೆಗೆದು ಹೋಲಿಸಿದರೆ ಅದು ಸಿಗುತ್ತದೆ, ನಡುವೆ ಯಾರೂ ಗಡಿಯಾರ ತಿರುಗಿಸಿರದಿದ್ದರೆ.

ಮಾಹಿತಿ ಏನೂ ಉಳಿಯದ ಚಿತ್ರದಲ್ಲೂ ಸುಳಿವು ಇರುತ್ತದೆ. ನನಗೆ ಬಹಳ ಇಷ್ಟವಾದದ್ದು ನೆರಳು. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುವುದು ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಹೊತ್ತಿಗೆ. ಬೇಸಿಗೆಯಲ್ಲಿ ನಮ್ಮಲ್ಲಿ ನಡು ಮಧ್ಯಾಹ್ನ ಎಂದರೆ ಸುಮಾರು 12.15ರಿಂದ 12.25. ಆ ಹೊತ್ತಿನಲ್ಲಿ 10 ಮೀಟರ್ ಎತ್ತರದ ದೀಪದ ಕಂಬದ ನೆರಳು ಮಾರ್ಚ್ 25ರಂದು ಉತ್ತರಕ್ಕೆ ಸುಮಾರು 2 ಮೀಟರ್. ಏಪ್ರಿಲ್ 24ಕ್ಕೆ ಕಂಬದ ಬುಡದಲ್ಲೇ. ಮೇ ಕೊನೆಗೆ ದಕ್ಷಿಣಕ್ಕೆ ಒಂದೂವರೆ ಮೀಟರ್. ಅವೆನ್ಯೂ ರಸ್ತೆ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿದೆ, ಅಲ್ಲಿ ಈ ನೆರಳು ರಸ್ತೆಯುದ್ದಕ್ಕೂ ಬೀಳುತ್ತದೆ. ಎಂ.ಜಿ. ರಸ್ತೆಯಲ್ಲಿ ಅಡ್ಡ ಬೀಳುತ್ತದೆ. ಮಧ್ಯಾಹ್ನದ ಚಿತ್ರದಲ್ಲಿ ನೆರಳು ದಕ್ಷಿಣಕ್ಕಿದ್ದರೆ ಅದು ಮಾರ್ಚ್ ಆಗಿರಲು ಸಾಧ್ಯವೇ ಇಲ್ಲ. ಬೆಳಿಗ್ಗೆ, ಸಂಜೆಯ ಚಿತ್ರಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ನೆರಳಿನಿಂದ ತಿಂಗಳು ಗೊತ್ತಾದೀತು, ವರ್ಷಕ್ಕೆ ಗೋಡೆ ನೋಡಬೇಕು. ಚಿತ್ರಮಂದಿರಗಳು 2020ರ ಮಾರ್ಚ್ 14ರಿಂದ ಅಕ್ಟೋಬರ್‌ವರೆಗೆ ಮುಚ್ಚಿದ್ದವು. ಆ ಬೇಸಿಗೆಯ ಗೋಡೆಗಳಲ್ಲಿ ಮಾರ್ಚ್ ಮೊದಲ ವಾರಗಳ ಪೋಸ್ಟರುಗಳೇ ಬಣ್ಣಗೆಟ್ಟು ನೇತಾಡುತ್ತಿದ್ದವು. ಲಸಿಕೆಯ ಬ್ಯಾನರ್ ಕಂಡರೆ 2021, ಏಕೆಂದರೆ ಲಸಿಕೆ ಶುರುವಾದದ್ದೇ ಆ ಜನವರಿ 16ರಂದು. ಕನಕಪುರ ರಸ್ತೆಯ ಚಿತ್ರವಾದರೆ ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣ ನೋಡಿ. ಆ ಭಾಗದಲ್ಲಿ ರೈಲು ಓಡತೊಡಗಿದ್ದು 2021ರ ಜನವರಿಯಲ್ಲಿ. ಗುಲ್‌ಮೊಹರ್ ಮೈತುಂಬ ಕೆಂಪಾಗಿದ್ದರೆ ‘ಮಾರ್ಚ್’ ಎಂಬ ಅಡಿಬರಹವನ್ನು ಅನುಮಾನಿಸಿ. ಒದ್ದೆ ರಸ್ತೆ, ಮೋಡ ಕವಿದ ಆಕಾಶವಾದರೆ ಜುಲೈ ಭಾನುವಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಖಾಲಿತನವನ್ನೂ ಪೂರ್ತಿ ನಂಬಬಾರದು. ಯಾವ ವರ್ಷದ ಯಾವ ಭಾನುವಾರವಾದರೂ ಬೆಳಿಗ್ಗೆ ಆರಕ್ಕೆ ಬ್ರಿಗೇಡ್ ರಸ್ತೆ ಹಾಗೇ ಇರುತ್ತದೆ. ಮೊಬೈಲಿನ ಅಗಲ ಲೆನ್ಸ್ ದೂರದಲ್ಲಿರುವವರನ್ನು ಚುಕ್ಕಿಗಳಾಗಿಸಿ ರಸ್ತೆಯನ್ನು ಇನ್ನಷ್ಟು ಬರಿದು ಮಾಡುತ್ತದೆ. ಉದ್ದ ಲೆನ್ಸ್ ಹತ್ತೇ ಜನರನ್ನು ಸಂತೆ ಮಾಡಿಬಿಡುತ್ತದೆ. ಅಡಿಬರಹದಲ್ಲಿ ಗಂಟೆ, ನಿಂತ ಜಾಗ, ನೋಡಿದ ದಿಕ್ಕು ಇಲ್ಲದಿದ್ದರೆ ಇದು ಗೊತ್ತಾಗುವುದೇ ಇಲ್ಲ. ಕಡತಕ್ಕೆ ‘2020-04-12_0640_ಅವೆನ್ಯೂ ರಸ್ತೆ_ಉತ್ತರಕ್ಕೆ’ ಎಂಬಂಥ ಹೆಸರಿಟ್ಟರೆ ಸಾಕು. ವರ್ಷ ಮೊದಲು ಬಂದರೆ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಊಹಿಸಿದ ದಿನವಾದರೆ ಪಕ್ಕದಲ್ಲಿ ‘ಅಂದಾಜು’ ಎಂದು ಬರೆಯಿರಿ. ಮೂಲವನ್ನು ಕತ್ತರಿಸಬೇಡಿ, ಬಣ್ಣ ತಿದ್ದಬೇಡಿ, ಮೂಲೆಯಲ್ಲಿರುವ ಒಬ್ಬನೇ ಮನುಷ್ಯನನ್ನು ಚೆಂದಕ್ಕೆಂದು ಆ್ಯಪ್ ಬಳಸಿ ಅಳಿಸಬೇಡಿ. ಅವರು ಪೌರಕಾರ್ಮಿಕರಿರಬಹುದು. ಮುಖ ಮರೆಮಾಡಬೇಕೆಂದರೆ ಪ್ರತಿಯಲ್ಲಿ ಮಾಡಿ. ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿ.

ಇನ್ನೊಂದು ಕೊರತೆ ಇದೆ. ಓಡಾಡುತ್ತಿರುವ ಚಿತ್ರಗಳು ಬಹುತೇಕ ವಿಧಾನಸೌಧ, ಎಂ.ಜಿ. ರಸ್ತೆಯ ಸುತ್ತಮುತ್ತಲಿನವು. ಅದೇ ಹೊತ್ತಿಗೆ ಊರಿಗೆ ಹೊರಟ ಕಾರ್ಮಿಕರು ಪೊಲೀಸ್ ಠಾಣೆಗಳ ಮುಂದೆ ಸಾಲು ನಿಂತಿದ್ದರು. 2020ರ ಮೇ 3ರಂದು ಚಿಕ್ಕಬಾಣಾವರದಿಂದ ಭುವನೇಶ್ವರಕ್ಕೆ ಶ್ರಮಿಕ ರೈಲು ಹೊರಟಿತು. ಆ ತಿಂಗಳ ಕೊನೆಯ ಭಾಗದಲ್ಲಿ ಅರಮನೆ ಮೈದಾನದಲ್ಲಿ ಸಾವಿರಾರು ಮಂದಿ ರೈಲಿಗಾಗಿ ಕಾದರು. ಖಾಲಿ ನಗರ ಎನ್ನುವಾಗ ಇವರು ಚೌಕಟ್ಟಿನಾಚೆ ಉಳಿಯುತ್ತಾರೆ. ಪೀಣ್ಯ, ಹೆಸರಘಟ್ಟ ರಸ್ತೆ, ಹೊಸೂರು ರಸ್ತೆಯ ಕಡೆಯ ಚಿತ್ರ ಇರುವವರು ಅದನ್ನು ಮೊದಲು ಎತ್ತಿಡಬೇಕು.

ತಮ್ಮ ಪತ್ರಿಕೆ ಓದುಗರಿಂದ ಇಂಥ ಚಿತ್ರ ಕರೆಯುವುದಾದರೆ ಮೂಲ ಕಡತವನ್ನು ಇ-ಮೇಲ್ ಮೂಲಕವೇ ಕೇಳಿ, ವಾಟ್ಸ್‌ಆ್ಯಪ್ ಸಂಖ್ಯೆ ಕೊಡಬೇಡಿ. ಅಚ್ಚಿಸುವಾಗ ತಾರೀಖಿನ ಜೊತೆ ಗಂಟೆಯನ್ನೂ ಹಾಕಿ.

– ಒಬ್ಬ ಓದುಗ, ಗವಿಪುರ, ಬೆಂಗಳೂರು